ಪಾಠ ಮುಕ್ಕಾಲು ಗಂಟೆ, ತಯಾರಿ ಎಷ್ಟು ಗಂಟೆ?

ಊಟಕ್ಕೆ ಕುಳಿತವರಿಗೆ ಬಟ್ಟಲಲ್ಲಿರುವುದು ಮಾತ್ರ ಕಾಣುತ್ತದೆ. ಬೆಳಿಗ್ಗೆ ನೆನೆಸಿಟ್ಟ ಕಾಳು, ರುಬ್ಬಿದ ಮಸಾಲೆ, ಒಲೆಯ ಮುಂದೆ ಕಳೆದ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಪಾಠ ಹೇಳುವವಳ ಕೆಲಸವೂ ಇದಕ್ಕಿಂತ ಬೇರೆಯಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಬರೆದಿರುವುದು ಪೀರಿಯಡ್ ಮಾತ್ರ. ಅದರ ಹಿಂದಿನ ತಯಾರಿಯನ್ನು ಕೇಳಿದವರಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಈ ಕಾಣದ ಹೊತ್ತು ಹಲವು ಪಟ್ಟು ಬೆಳೆಯಿತು. ನಮ್ಮ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಂತೂ ಅದರ ಭಾರ ದುಪ್ಪಟ್ಟಾಯಿತು.

ಆಗಿನ ಸರಕಾರಿ ನಿಯಮಗಳನ್ನು ನೋಡಿದರೆ ಶಿಕ್ಷಕರ ಕೆಲಸ ಕಡಿಮೆಯಾದಂತೆ ತೋರುತ್ತದೆ. 2020ರ ಜೂನ್‌ನಲ್ಲಿ ರಾಜ್ಯ ಸರಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈಯಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂತು. ಒಂದರಿಂದ ಎಂಟನೇ ತರಗತಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠ, ಒಂಬತ್ತರಿಂದ ಹನ್ನೆರಡಕ್ಕೆ ನಾಲ್ಕು ಪಾಠ, ಅದಕ್ಕಿಂತ ಹೆಚ್ಚು ಬೇಡ ಎಂದಿತು. ಮಕ್ಕಳ ಕಣ್ಣಿನ ದೃಷ್ಟಿಯಿಂದ ಇದು ಒಳ್ಳೆಯ ಮಾತೇ. ಆದರೆ “ದಿನಕ್ಕೆ ಎರಡೇ ಪಾಠ, ಮನೆಯಲ್ಲೇ ಕೂತು ಸಂಬಳ” ಎಂದು ಆಡಿಕೊಂಡವರಿಗೇನೂ ಕೊರತೆಯಿರಲಿಲ್ಲ.

ಒಂದು ಅಡುಗೆಮನೆಯ ಲೆಕ್ಕ ಹಾಕೋಣ. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಬೇಕಾದ ವಿಜ್ಞಾನ ಶಿಕ್ಷಕಿಯೊಬ್ಬಳನ್ನು ಊಹಿಸಿಕೊಳ್ಳಿ. ಹತ್ತು ವರ್ಷದ ಅನುಭವವಿದ್ದರೆ ತರಗತಿಯ ಪಾಠಕ್ಕೆ ಹಿಂದಿನ ರಾತ್ರಿ ಅರ್ಧ ಗಂಟೆ ಸಾಕು. ಉಳಿದದ್ದನ್ನು ತರಗತಿಯೇ ನಡೆಸಿಕೊಡುತ್ತದೆ. ಅರ್ಥವಾಗದ ಮಗುವಿನ ಹುಬ್ಬು ಗಂಟಿಕ್ಕುತ್ತದೆ, ಅವಳು ಇನ್ನೊಮ್ಮೆ ಹೇಳುತ್ತಾಳೆ. ಹೆಪ್ಪು ಹಾಕಿದ ಹಾಲು ಮೊಸರಾಗುವ ಉದಾಹರಣೆ ಆ ಕ್ಷಣಕ್ಕೆ ನಾಲಿಗೆಗೆ ಬರುತ್ತದೆ.

ಅದೇ ಪಾಠವನ್ನು ಮೊಬೈಲಿಗಾಗಿ ರೆಕಾರ್ಡ್ ಮಾಡುವಾಗ ಎದುರಿಗೆ ಮುಖಗಳೇ ಇಲ್ಲ. ಮಗು ಎಲ್ಲಿ ಎಡವಬಹುದೆಂದು ಮೊದಲೇ ಊಹಿಸಿ ಬರೆದುಕೊಳ್ಳಬೇಕು. ಅದಕ್ಕೆ ಒಂದು ಗಂಟೆ. ಚಿತ್ರ ಹುಡುಕಿ ಜೋಡಿಸಲು ಇನ್ನೊಂದು ಗಂಟೆ. ಹತ್ತು ಹತ್ತು ನಿಮಿಷದ ನಾಲ್ಕು ತುಂಡುಗಳಾಗಿ ರೆಕಾರ್ಡ್ ಮಾಡಬೇಕು. ನಡುವೆ ಕುಕ್ಕರ್ ಕೂಗಿತು, ಮಗು ಅತ್ತಿತು, ಹೆಂಚಿನ ಮೇಲೆ ಮಳೆ ಹೊಯ್ದು ದನಿಯೇ ಕೇಳದಾಯಿತು ಎಂದು ಮತ್ತೆ ಮೊದಲಿನಿಂದ. ಅದಕ್ಕೂ ಒಂದು ಗಂಟೆ ಹಿಡಿಯಿರಿ. ಫೈಲಿನ ಗಾತ್ರ ಇಳಿಸಿ ಕಳುಹಿಸಲು ಅರ್ಧ ಗಂಟೆ, ಪ್ರಶ್ನೆ ತಯಾರಿಸಲು ಅರ್ಧ ಗಂಟೆ. ಹೀಗೆ ನಾಲ್ಕು ಗಂಟೆಯಾಯಿತು. ಆಮೇಲೆ 40 ಮಕ್ಕಳು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮಸುಕು ಫೋಟೋಗಳನ್ನು ದೊಡ್ಡದು ಮಾಡಿ ತಿದ್ದಲು ತಲಾ ಎರಡು ನಿಮಿಷವೆಂದರೂ 80 ನಿಮಿಷ. ಪುಸ್ತಕ ತಿದ್ದುವ ಕೆಲಸ ಶಾಲೆಯಲ್ಲೂ ಇತ್ತು, ನಿಜ. ಆದರೆ ಅಲ್ಲಿ ಮಗುವನ್ನು ಹತ್ತಿರ ಕರೆದು ಬೆರಳಿಟ್ಟು ತೋರಿಸಿದರೆ ಮುಗಿಯುತ್ತಿತ್ತು.

ಇದು ನಮ್ಮ ಅಂದಾಜು ಮಾತ್ರ. ಅಮೆರಿಕದಲ್ಲಿ ಚಾಪ್‌ಮನ್ ಅಲಯನ್ಸ್ 2010ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಎದುರಿಗೆ ನಿಂತು ಕೊಡುವ ಒಂದು ಗಂಟೆಯ ತರಬೇತಿಯನ್ನು ಹೊಸದಾಗಿ ರೂಪಿಸಲು ಸರಾಸರಿ 43 ಗಂಟೆ ಬೇಕು. ತೀರಾ ಸರಳವಾದ ಆನ್‌ಲೈನ್ ಪಾಠಕ್ಕಾದರೆ 79 ಗಂಟೆ. ಅದು ಕಂಪೆನಿಗಳ ಲೆಕ್ಕ, ತಂಡಗಳು ಕೂಡಿ ಮಾಡುವ ಕೆಲಸ. ಹಳ್ಳಿ ಶಾಲೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಭಾರ ಯಾವ ಕಡೆಗೆ ವಾಲುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಎಡ್‌ಎಕ್ಸ್ ಎಂಬ ಜಾಲ ಶಿಕ್ಷಣ ಸಂಸ್ಥೆಯ ವೀಡಿಯೊಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವು, ವೀಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ನೋಡುವುದು ಸಾಮಾನ್ಯವಾಗಿ ಆರು ನಿಮಿಷದ ಒಳಗೇ ಎಂದು ಕಂಡುಕೊಂಡಿತು. ಮುಕ್ಕಾಲು ಗಂಟೆಯ ಮಾತನ್ನು ಆರು ನಿಮಿಷಕ್ಕೆ ಇಳಿಸುವುದು ಹೆಚ್ಚು ಹೊತ್ತು ಬೇಡುವ ಕೆಲಸ. ಪತ್ರ ಬರೆಯುವವರಿಗೆ ಇದು ಗೊತ್ತು.

ಇನ್ನು ಮಲೆನಾಡಿನ ಪಾಡು. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಆಚೆ, ನಡುವೆ ಅಡಿಕೆ ತೋಟ, ಕಾಡು. ಆಗುಂಬೆ, ಹುಲಿಕಲ್ ಕಡೆ ಮಳೆ ಹಿಡಿದರೆ ಮರ ಬಿದ್ದು ಕರೆಂಟು ಹೋಗುವುದು ಹೊಸತೇನಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದವು. 2021ರಲ್ಲಿ ಹೊಸನಗರ, ಸಾಗರ ಭಾಗದ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಅಭಿಯಾನವೇ ನಡೆಯಿತು. ಗುಡ್ಡ ಹತ್ತಿದ್ದು ಮಕ್ಕಳು ಮಾತ್ರವಲ್ಲ. ಅಲ್ಲೇ ವಾಸವಿದ್ದ ಟೀಚರಿಗೂ ಅದೇ ಗುಡ್ಡ, ಅದೇ ಸಿಗ್ನಲ್.

ಇಂಥಲ್ಲಿ ನೇರ ಪಾಠ ಮಾಡಿದರೆ ಅರ್ಧ ಮಕ್ಕಳಿಗೆ ತಲಪುವುದಿಲ್ಲ. ಆದ್ದರಿಂದ ರೆಕಾರ್ಡ್ ಮಾಡಿ ಕಳುಹಿಸಬೇಕು, ಅದೂ ಚಿಕ್ಕ ಫೈಲಿನಲ್ಲಿ. ಮನೆಗೆ ಒಂದೇ ಮೊಬೈಲು. ಅದು ತಂದೆಯ ಜೊತೆ ಕೆಲಸಕ್ಕೆ ಹೋದರೆ ಹಿಂದಿರುಗುವುದು ಮಗ್ರಿಬ್ ಕಳೆದ ಮೇಲೆ. ಮಗುವಿನ ಪ್ರಶ್ನೆಗಳು ಬರುವುದು ಆಗಲೇ, ಇತ್ತ ಟೀಚರಮ್ಮ ಒಲೆಯ ಮುಂದೆ ಇರುವಾಗ. 2020ರ ಜುಲೈಯಲ್ಲಿ ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಶುರುವಾದವು, ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರೇ ಊರಿಗೆ ಹೋಗಿ ಮಂದಿರ, ಮಸೀದಿಯ ಅಂಗಳ, ಮರದ ನೆರಳಲ್ಲಿ ಪಾಠ ಮಾಡುವ ಆ ಯೋಜನೆ ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ನಿಂತಿತು. ಮೊಬೈಲಿಗೆ ಒಂದು ತಯಾರಿ, ಅಂಗಳಕ್ಕೆ ಇನ್ನೊಂದು ತಯಾರಿ. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ರಂದು.

ಇಷ್ಟು ಹೊತ್ತಿಗೆ ಕೂಲಿ ಎಲ್ಲಿದೆ? ಯುಜಿಸಿಯ 2018ರ ನಿಯಮದಲ್ಲಿ ಕಾಲೇಜು ಅಧ್ಯಾಪಕರ ವಾರದ ಕೆಲಸ 40 ಗಂಟೆ. ಅದರಲ್ಲಿ ಸಹಾಯಕ ಪ್ರಾಧ್ಯಾಪಕರು ತರಗತಿಯಲ್ಲಿ ಇರಬೇಕಾದದ್ದು 16 ಗಂಟೆ. ಉಳಿದದ್ದು ತಯಾರಿಗೂ ಇತರ ಕೆಲಸಗಳಿಗೂ ಸೇರಿದ್ದು. ಅಂದರೆ ಖಾಯಂ ನೌಕರರ ತಯಾರಿಗೆ ಕಾನೂನಿನ ಮಾನ್ಯತೆ ಇದೆ. ಅತಿಥಿ ಉಪನ್ಯಾಸಕಿಯರ ವಿಚಾರ ಬಂದಾಗ ಅಳತೆಯೇ ಬೇರೆ; ಅವರನ್ನು ನೋಡುವುದು ವಾರಕ್ಕೆ ಎಷ್ಟು ಗಂಟೆ ಪಾಠ ಎಂಬ ಲೆಕ್ಕದಲ್ಲಿ. ಖಾಸಗಿ ಶಾಲೆಯ ಟೀಚರುಗಳ ಸ್ಥಿತಿ ಇನ್ನೂ ಕಷ್ಟ. ಆ ಎರಡು ವರ್ಷ ಅರ್ಧ ಸಂಬಳಕ್ಕೆ ದುಡಿದವರು, ಸಂಬಳವೇ ಇಲ್ಲದೆ ಪಾಠ ಕಳುಹಿಸಿದವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ಹೆಂಗಸರೇ.

ಕೊರೋನಾ ಹೋಯಿತು, ಆನ್‌ಲೈನ್ ಪಾಠ ಉಳಿಯಿತು. ಈಗ ನಮ್ಮ ಎಷ್ಟೋ ಸಹೋದರಿಯರು ಮನೆಯಿಂದಲೇ ಗಣಿತ, ಇಂಗ್ಲಿಷ್, ಕುರ್‌ಆನ್ ಪಾರಾಯಣ, ಹೊಲಿಗೆ ಕಲಿಸುತ್ತಾರೆ. ಹೊರಗೆ ಹೋಗಲಾಗದ ತಾಯಂದಿರಿಗೆ ಇದೊಂದು ಒಳ್ಳೆಯ ದಾರಿಯೇ. ಆದರೆ ಶುಲ್ಕ ಹೇಳುವಾಗ “ದಿನಕ್ಕೆ ಒಂದು ಗಂಟೆ ತಾನೇ” ಎಂದು ಅವರೇ ತಮ್ಮ ಬೆಲೆ ಇಳಿಸಿಕೊಳ್ಳುತ್ತಾರೆ. ಒಂದು ವಾರ ತಯಾರಿಯ ಹೊತ್ತನ್ನೂ ಪುಸ್ತಕದಲ್ಲಿ ಬರೆದಿಟ್ಟು ನೋಡಿ, ಆಮೇಲೆ ದರ ಹೇಳಿ. ಆ ಪುಸ್ತಕವನ್ನು ಮನೆಯವರಿಗೂ ತೋರಿಸಬಹುದು. ಬಾಗಿಲು ಹಾಕಿಕೊಂಡು ಕುಳಿತದ್ದು ಏಕೆಂದು ಅತ್ತೆಗೂ ಮಾವನಿಗೂ ತಿಳಿಯಲಿ.

ಮೊದಲ ವರ್ಷದ ಕಷ್ಟ ಎರಡನೇ ವರ್ಷ ಇರುವುದಿಲ್ಲ, ಮಾಡಿಟ್ಟ ವೀಡಿಯೊ ಮತ್ತೆ ಬಳಕೆಗೆ ಬರುತ್ತದೆ. ಆದರೆ ಅದು ಯಾರದ್ದು? 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೌಕರಿಯ ಕೆಲಸವಾಗಿ ಮಾಡಿದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಮಾನ್ಯವಾಗಿ ಮಾಲೀಕರದ್ದು. ಸ್ವಂತವಾಗಿ ಮನೆಯಲ್ಲಿ ಕಲಿಸುವವಳ ಪಾಠ ಅವಳದ್ದೇ. ಶಾಲೆಯವರು ವೀಡಿಯೊ ಮಾಡಲು ಹೇಳಿದರೆ ನೀವು ಬಿಟ್ಟ ಮೇಲೂ ಅದನ್ನು ಬಳಸುವರೇ, ಬಳಸಿದರೆ ಏನು ಕೊಡುವರು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ.