ಅಂಟುವಾಳದ ನೀರಿಗೆ ಬಿದ್ದ ಅಂಬರು!

‘ಜುರಾಸಿಕ್ ಪಾರ್ಕ್’ ನೋಡದವರು ಯಾರಿದ್ದೀರಿ? 1993ರಲ್ಲಿ ತೆರೆಕಂಡ ಸ್ಪೀಲ್‌ಬರ್ಗ್ ಚಿತ್ರ. ಪಾರ್ಕಿನ ಯಜಮಾನ, ಬಿಳಿಗಡ್ಡದ ಹ್ಯಾಮಂಡ್ ಮುದುಕ, ಒಂದು ಕೈಕೋಲು ಹಿಡಿದು ಓಡಾಡುತ್ತಾನಲ್ಲ, ಅದರ ತುದಿಯ ಜೇನುಬಣ್ಣದ ಗುಂಡು ನೆನಪಿದೆಯೇ? ಒಳಗೊಂದು ಸೊಳ್ಳೆ! ಆ ಗುಂಡೇ ಅಂಬರು. (ಹ್ಯಾಮಂಡ್ ಪಾತ್ರ ಮಾಡಿದವರು 1982ರ ‘ಗಾಂಧಿ’ ಚಿತ್ರದ ನಿರ್ದೇಶಕ ರಿಚರ್ಡ್ ಅಟೆನ್‌ಬರೋ!) ಎಲ್ಲರೂ ಡೈನೋಸಾರ್ ನೋಡಿ ಬಾಯಿ ಬಿಟ್ಟರು. ನನ್ನ ಕಣ್ಣು ಮಾತ್ರ ಆ ಗುಂಡಿನ ಮೇಲೆ. ಯಾಕಂದ್ರೆ ಅಂಥದೇ 17 ಗುಂಡಿನ ಸರವೊಂದು ನಮ್ಮ ಹಲಗೇರಿಯಲ್ಲಿದೆ.

ಮೆಣಸಿನಕಾಯಿಗೆ ಬ್ಯಾಡಗಿ, ಏಲಕ್ಕಿ ಹಾರಕ್ಕೆ ಹಾವೇರಿ ಸರಿ, ಹಲಗೇರಿಗೆ ಅಂಬರು ಎಲ್ಲಿಂದ ಬಂತು ಅಂತೀರಾ? ಮುಂಡಗೋಡದಿಂದ. ಹಾವೇರಿ, ಹಾನಗಲ್ಲ ದಾಟಿದರೆ ಮುಂಡಗೋಡ. 1966ರಲ್ಲಿ ಟಿಬೆಟ್ ನಿರಾಶ್ರಿತರಿಗೆ ಅಲ್ಲಿ ನೆಲೆ ಸಿಕ್ಕಿತು. ದೇಶ ಬಿಟ್ಟು ಬಂದ ಹೆಂಗಸರ ಕೊರಳಲ್ಲಿ ಹವಳ, ನೀಲಿ ಫಿರೋಜಾ, ನಡುವೆ ಬೆಲ್ಲದ ಉಂಡೆಯಂಥ ಅಂಬರು. ತಮ್ಮ ಹೊಸ ವರ್ಷ ಲೋಸರ್ ಹಬ್ಬಕ್ಕೆ ಈಗಲೂ ಹಾಕಿಕೊಳ್ಳುತ್ತಾರೆ, ನೋಡಲು ಎರಡು ಕಣ್ಣು ಸಾಲದು.

ನಮ್ಮೂರ ಅಕ್ಕನ ತಾಯಿ ಅಲ್ಲಿ ನರ್ಸಬಾಯಿ ಆಗಿದ್ದವರು. ಒಂದು ರಾತ್ರಿ ಕಷ್ಟದ ಹೆರಿಗೆ ಮಾಡಿಸಿ ತಾಯಿ, ಮಗು ಇಬ್ಬರನ್ನೂ ಉಳಿಸಿದರಂತೆ. ಮಗುವಿನ ಮುತ್ತಜ್ಜಿ ತನ್ನ ಕೊರಳ ಸರ ಬಿಚ್ಚಿ ಇವರ ಕೈಗಿಟ್ಟಳು. ಬೇಡ ಅಂದರೂ ಕೇಳಲಿಲ್ಲ. ಅಕ್ಕ ಆಮೇಲೆ ಪತ್ತಾರನ ಕೈಲಿ ನಡುನಡುವೆ ಬಂಗಾರದ ಗುಂಡು ಪೋಣಿಸಿದ್ದಳು.

ಹೋದ ವರ್ಷ ಮಗಳ ಮದುವೆ. ಬಂಗಾರ ಹೊಳೆಯಲಿ ಅಂತ ಇಡೀ ಸರವನ್ನು ಅಂಟುವಾಳದ ನೀರಲ್ಲಿ ಕುದಿಸಿಬಿಟ್ಟಿದ್ದಾಳೆ! “ಬಂಗಾರೇನೋ ಲಕಲಕ ಅಂತು. ಈ ಗುಂಡು ನೋಡೋ ತಮ್ಮಾ, ಒಡದ ಕನ್ನಡಿ ಆಗ್ಯಾವು. ಮತ್ತ ಮೊದಲಿನಂಗ ಆಗತಾವೇನು?” ಅಂತ ಕಣ್ಣೀರು ಹಾಕಿದಳು. ಒಳಗೆಲ್ಲ ಜೇಡನ ಬಲೆಯಂಥ ಸೀಳು. ಒಂದು ಗುಂಡು ಎರಡು ಹೋಳು. ಏನು ಹೇಳಲಿ? ಮೇಲಿನ ಗೀಚನ್ನು ಬಲ್ಲವರು ಉಜ್ಜಿ ತೆಗೆದಾರು, ಒಳಗಿನ ಸೀಳು ಹೋಗೋದಿಲ್ಲ.

ಅಂಬರು ಕಲ್ಲಲ್ಲ ಸ್ವಾಮಿ, ಮರದ ಅಂಟು! ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಹೂತು ಗಟ್ಟಿಯಾದದ್ದು. ಬಾಲ್ಟಿಕ್ ಕಡಲ ಕಡೆಯದಕ್ಕೆ ಸುಮಾರು 4 ಕೋಟಿ ವರ್ಷ ಅಂತಾರೆ. ನಮ್ಮ ಗುಜರಾತಿನ ವಸ್ತಾನ್ ಗಣಿಯಲ್ಲೂ ಹುಳು ಸಿಕ್ಕಿಬಿದ್ದ ಅಂಬರು ಸಿಕ್ಕಿದೆ. ಅಂದಹಾಗೆ, ಸಿನಿಮಾದಲ್ಲಿ ತೋರಿಸಿದ್ದು ಡೊಮಿನಿಕನ್ ದೇಶದ ಗಣಿ. ಅಲ್ಲಿನ ಅಂಬರಿಗೆ ಹೆಚ್ಚೆಂದರೆ 2 ಕೋಟಿ ವರ್ಷದ ಆಸುಪಾಸು. ಡೈನೋಸಾರ್ ಅಳಿದು 6 ಕೋಟಿ 60 ಲಕ್ಷ ವರ್ಷ. ಆ ಸೊಳ್ಳೆ ಯಾರ ರಕ್ತ ಕುಡೀತೋ, ಸ್ಪೀಲ್‌ಬರ್ಗ್ ಸಾಹೇಬರೇ ಹೇಳಬೇಕು!

ಅರಗು ತುಂಬಿದ ಬೋರಮಾಳವನ್ನು ಬೆಂಕಿ ಹತ್ತಿರ ಒಯ್ಯಬಾರದು ಅಂತ ನಮ್ಮ ಕಡೆಯ ಹೆಂಗಸರಿಗೆ ಹೇಳಿಕೊಡಬೇಕೇ? ಬೋರಮಾಳಕ್ಕೆ ಹೊಟ್ಟೆಯಲ್ಲಷ್ಟೇ ಅರಗು. ಅಂಬರಿಗೆ ಮೈಯೆಲ್ಲ ಅಂಥದೇ ಅಂಟು. ಗಟ್ಟಿತನ ನಮ್ಮ ಉಗುರಿನಷ್ಟೇ. ಹುಣಸೆಹಣ್ಣು, ಬೂದಿ, ಹಲ್ಲಿನ ಪೇಸ್ಟು, ಅಂಗಡಿಯವರ ಗುಂಯ್‌ಗುಡುವ ಅಲ್ಟ್ರಾಸಾನಿಕ್ ಮಶೀನು ಯಾವುದೂ ಬೇಡ. ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಮೆದು ಸೋಪು, ಹಳೇ ಮಲ್ ಬಟ್ಟೆ ಅದ್ದಿ ಹಿಂಡಿ ಒಂದೊಂದೇ ಗುಂಡು ಒರೆಸಿ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ. ನೆನೆ ಹಾಕಬೇಡಿ, ದಾರ ಕೊಳೆಯುತ್ತೆ. ನೆರಳಲ್ಲಿ ಆರಲಿ. ಅಷ್ಟೇ!

ಇನ್ನು ಸೆಂಟು. ಸಿನಿಮಾ ಮೇಕಪ್ ಕೋಣೆಯಲ್ಲಿ ಗಡ್ಡ ಮೀಸೆ ಅಂಟಿಸುವ ಸ್ಪಿರಿಟ್ ಗಮ್ ನೋಡಿದ್ದೀರಾ? ಅದೂ ಮರದ ಅಂಟೇ, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಅಂಬರು ಅಷ್ಟು ಸಲೀಸಾಗಿ ಕರಗದಿದ್ದರೂ ಸೆಂಟು, ಹೇರ್‌ಸ್ಪ್ರೇ ಬಿದ್ದು ಬಿದ್ದು ಮೈ ಮಂಕಾಗುತ್ತೆ. ಸೆಂಟು ಹಾಕಿ, ಅದು ಆರಿದ ಮೇಲೆ ಸರ ಹಾಕಿ. ಒಗ್ಗರಣೆಗೆ ಹೋಗುವ ಮುಂಚೆ ಬಿಚ್ಚಿಡಿ.

ಇಡುವುದೂ ಒಂದು ಹದ. ಬಂಗಾರದ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಬಳೆಯ ಅಂಚು ಗೀಚುತ್ತೆ. ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕತ್ತಲಲ್ಲಿ, ತಂಪಿರುವ ಕಡೆ ಇಡಿ. ತಗಡಿನ ಮನೆಯ ಅಟ್ಟ ಏಪ್ರಿಲ್‌ನಲ್ಲಿ ಒಲೆಯೇ ಸರಿ! ನುಸಿಗುಳಿಗೆ ಹಾಕಿದ ಟ್ರಂಕಿನಲ್ಲಿ ನಾನಂತೂ ಇಡಲಾರೆ. ಪೋಣಿಸುವಾಗ ಗುಂಡು ಗುಂಡಿನ ನಡುವೆ ಗಂಟು ಹಾಕಿಸಿ. ಉಜ್ಜಾಡೋದಿಲ್ಲ, ದಾರ ಹರಿದರೂ ಎಲ್ಲ ಒಮ್ಮೆಲೇ ಉದುರೋದಿಲ್ಲ.

ಅಕ್ಕ ಈಗ ಉಳಿದ 16 ಗುಂಡುಗಳನ್ನು ಹಾಗೆಯೇ ಗಂಟು ಹಾಕಿಸಿದ್ದಾಳೆ. ಸೀಳಿನ ಸಮೇತ ಮಗಳು ಕೊರಳಿಗೆ ಹಾಕಿಕೊಂಡೇ ಗಂಡನ ಮನೆಗೆ ಹೋದಳು. ಹೋಳಾದದ್ದು ದೇವರ ಮಾಡದಲ್ಲಿದೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಮಾತು. ಪ್ಲಾಸ್ಟಿಕ್ ಅಂಬರು ಬೇಕಾದಷ್ಟಿದೆ. ಬಿಡಿ ಗುಂಡಾದರೆ ಒಂದು ಲೋಟ ನೀರಿಗೆ ಕರಗುವಷ್ಟೂ ಉಪ್ಪು ಹಾಕಿ ಬಿಟ್ಟು ನೋಡಿ. ಅಂಬರು ತೇಲುತ್ತೆ, ಎಷ್ಟೋ ನಕಲಿ ಮುಳುಗುತ್ತೆ. ಎಳೇ ಅಂಟಿನ ಕೋಪಾಲ್ ಕೂಡ ತೇಲುತ್ತೆ, ಹುಷಾರು! ನೋಡಿದ ಮೇಲೆ ಉಪ್ಪು ಹೋಗುವಂತೆ ತೊಳೆಯಿರಿ. ಕಾದ ಸೂಜಿ ಚುಚ್ಚಿ ತೋರಿಸ್ತೀನಿ ಅನ್ನೋ ವ್ಯಾಪಾರಿ ಸಿಕ್ಕರೆ, ಚುಚ್ಚಿದ ಗುಂಡು ಅವನಿಗೇ ಇರಲಿ ಅನ್ನಿ!