ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲುತ್ತದೆ. ಕಾಲರಾದ ವಿಷ ಬಂದದ್ದೂ ಅಲ್ಲಿಂದಲೇ!

ಮಳೆಗಾಲ ಬಂತೆಂದರೆ ವಾಂತಿ-ಭೇದಿಯ ಮಾತು ಮನೆಮನೆಯಲ್ಲೂ ಇರುತ್ತದೆ. ಕೆಲವರು 'ವೈರಲ್' ಅಂತಾರೆ, ಕೆಲವರು 'ಇನ್‌ಫೆಕ್ಷನ್' ಅಂತಾರೆ. ಹೆಚ್ಚಿನವರಿಗೆ ವೈರಸ್, ಬ್ಯಾಕ್ಟೀರಿಯಾ ಎರಡೂ ಒಂದೇ. ಆದರೆ ಇವೆರಡೂ ಬೇರೆ ಬೇರೆ. ಅಷ್ಟೇ ಅಲ್ಲ, ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಸ್‌ಗಳೂ ಇವೆ.

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಕೋಶ. ಆಹಾರ ಸಿಕ್ಕಿದರೆ ತಾನೇ ಬೆಳೆದು ಎರಡಾಗುತ್ತದೆ. ವೈರಸ್ ಹಾಗಲ್ಲ. ಅದು ಪ್ರೋಟೀನ್ ಕವಚದೊಳಗೆ ಸುತ್ತಿಟ್ಟ ಜೀನ್‌ಗಳ ಕಟ್ಟು. ಇನ್ನೊಂದು ಜೀವಕೋಶದೊಳಗೆ ಹೋಗದೆ ಅದು ಹೆಚ್ಚಾಗಲಾರದು. ಬ್ಯಾಕ್ಟೀರಿಯಾದೊಳಗೆ ಹೋಗುವ ವೈರಸ್‌ಗೆ 'ಬ್ಯಾಕ್ಟೀರಿಯೋಫೇಜ್', ಚಿಕ್ಕದಾಗಿ 'ಫೇಜ್' ಅಂತ ಹೆಸರು. 1915ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಟ್ವೋರ್ಟ್, 1917ರಲ್ಲಿ ಪ್ಯಾರಿಸ್‌ನಲ್ಲಿದ್ದ ಫೆಲಿಕ್ಸ್ ಡಿ ಹೆರೆಲ್ ಇವುಗಳ ಬಗ್ಗೆ ಪ್ರತ್ಯೇಕವಾಗಿ ವರದಿ ಮಾಡಿದರು.

ಎರಡು ದಾರಿ

ಫೇಜ್ ಮೊದಲು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಳ್ಳುತ್ತದೆ. ನಂತರ ತನ್ನ ಡಿಎನ್‌ಎಯನ್ನು ಒಳಗೆ ತೂರಿಸುತ್ತದೆ. ಕವಚ ಹೊರಗೇ ಉಳಿಯುತ್ತದೆ. 1952ರಲ್ಲಿ ಅಮೆರಿಕದ ಹರ್ಷಿ ಮತ್ತು ಚೇಸ್ ಇದನ್ನು ಪ್ರಯೋಗದಿಂದ ತೋರಿಸಿದರು.

ಒಳಹೋದ ಮೇಲೆ ಕೆಲವು ಫೇಜ್‌ಗಳು ಬ್ಯಾಕ್ಟೀರಿಯಾವನ್ನೇ ಫ್ಯಾಕ್ಟರಿ ಮಾಡಿಕೊಳ್ಳುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ನೂರಾರು ಮರಿ ಫೇಜ್‌ಗಳು ತಯಾರಾಗಿ, ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಇನ್ನು ಕೆಲವು ಫೇಜ್‌ಗಳು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾದ ಡಿಎನ್‌ಎ ಜೊತೆಗೇ ತಮ್ಮ ಡಿಎನ್‌ಎ ಸೇರಿಸಿ ಸುಮ್ಮನೆ ಕೂರುತ್ತವೆ. ಬ್ಯಾಕ್ಟೀರಿಯಾ ಎರಡಾದಾಗ ಫೇಜ್‌ನ ಜೀನ್‌ಗಳೂ ಮುಂದಿನ ಪೀಳಿಗೆಗೆ ಹೋಗುತ್ತವೆ. ನಮಗೆ ತೊಂದರೆ ತರುವುದು ಹೆಚ್ಚಾಗಿ ಈ ಎರಡನೇ ದಾರಿ.

ಕಾಲರಾದ ಲೆಕ್ಕ

ಕಾಲರಾ ರೋಗಿಯ ದೇಹದಿಂದ ನೀರು ಹರಿದುಹೋಗಲು ಮುಖ್ಯ ಕಾರಣ ಒಂದು ವಿಷ. ಈ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ. ವಿಷ ತಯಾರಿಸುವ ಜೀನ್ ಬ್ಯಾಕ್ಟೀರಿಯಾದ ಸ್ವಂತದ್ದು ಅಂತಲೇ ಬಹಳ ಕಾಲ ನಂಬಿದ್ದರು. 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಎಂಬ ಅಮೆರಿಕದ ವಿಜ್ಞಾನಿಗಳು ಅದು ಒಂದು ಫೇಜ್‌ನ ಮೂಲಕ ಬಂದದ್ದು ಅಂತ ತೋರಿಸಿದರು. ಅಂದರೆ ಬಂಡವಾಳ ಹೊರಗಿನದು, ಅಂಗಡಿ ಮಾತ್ರ ಬ್ಯಾಕ್ಟೀರಿಯಾದ್ದು! ಸಮುದ್ರ, ಅಳಿವೆಗಳ ನೀರಿನಲ್ಲಿ ಇದೇ ಜಾತಿಯ ಎಷ್ಟೋ ಬ್ಯಾಕ್ಟೀರಿಯಾಗಳಿವೆ. ಈ ಜೀನ್ ಇಲ್ಲದವು ಕಾಲರಾ ಸಾಂಕ್ರಾಮಿಕ ಹಬ್ಬಿಸುವುದಿಲ್ಲ. ಡಿಫ್ತೀರಿಯಾದ ವಿಷದ ಜೀನ್ ಕೂಡ ಫೇಜ್ ತಂದದ್ದೇ.

ಮಾತ್ರೆ ನುಂಗುವ ಮುಂಚೆ

ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಅಪಾಯಕಾರಿ ಬಗೆ ರಕ್ತಭೇದಿ ತರುತ್ತದೆ. ಇದರ 'ಶಿಗಾ' ವಿಷದ ಜೀನ್ ಇರುವುದೂ ಒಳಗೆ ಮಲಗಿರುವ ಫೇಜ್‌ನಲ್ಲಿ. ಸಿಪ್ರೋಫ್ಲೋಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟು ಕೊಟ್ಟಾಗ ಮಲಗಿದ್ದ ಫೇಜ್ ಎದ್ದು ಬಿಡುತ್ತದೆ. ವಿಷ ಹೆಚ್ಚು ತಯಾರಾಗುತ್ತದೆ, ಬ್ಯಾಕ್ಟೀರಿಯಾ ಒಡೆದು ಅದೆಲ್ಲ ಹೊರಗೆ ಚೆಲ್ಲುತ್ತದೆ. ಲ್ಯಾಬ್‌ನಲ್ಲೂ ಇಲಿಗಳಲ್ಲೂ ಇದು ಕಂಡುಬಂದಿದೆ. ಈ ವಿಷ ಕಿಡ್ನಿಯನ್ನು ಹಾಳು ಮಾಡಬಲ್ಲದು. ಹಾಗಾಗಿ ಈ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಆ್ಯಂಟಿಬಯಾಟಿಕ್ ಕೊಡುವುದಿಲ್ಲ. ತೀವ್ರ ಕಾಲರಾಕ್ಕೆ ಕೊಡುತ್ತಾರೆ. ಯಾವ ಭೇದಿಗೆ ಯಾವ ಮದ್ದು ಅಂತ ಹೇಳಬೇಕಾದದ್ದು ವೈದ್ಯರು. ಪಕ್ಕದ ಮನೆಯವರೂ ಅಲ್ಲ, ಕಳೆದ ವರ್ಷದ ಹಳೇ ಚೀಟಿಯೂ ಅಲ್ಲ.

ಮೆಡಿಕಲ್‌ಗೆ ಹೋಗಿ "ಲೂಸ್ ಮೋಷನ್‌ಗೆ ಎರಡು ಮಾತ್ರೆ ಕೊಡಿ" ಅಂತ ಕೇಳುವ ಅಭ್ಯಾಸ ಬಿಡೋಣ. ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡಿ, ಪ್ಯಾಕೆಟ್‌ನಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ. ರಕ್ತ ಕಂಡರೆ, ಮೂತ್ರ ಕಮ್ಮಿಯಾದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾವಿ ನೀರಾದರೂ ನಳ್ಳಿ ನೀರಾದರೂ ಕುದಿಸಿಯೇ ಕುಡಿಯಿರಿ. ವಿಷದ ಜೀನ್ ಎಲ್ಲಿಂದಲೇ ಬಂದಿರಲಿ, ಬ್ಯಾಕ್ಟೀರಿಯಾ ನಮ್ಮ ಹೊಟ್ಟೆ ಸೇರುವುದು ಹೆಚ್ಚಾಗಿ ನೀರು ಮತ್ತು ಊಟದಿಂದಲೇ.