ಸೇತುವೆ ಮುಚ್ಚಿತು, ಸೈಕಲ್ಲಿಗೆ ಮೋಟಾರು ಬಂತು

2025ರ ಸೆಪ್ಟೆಂಬರ್ 12ರಂದು ಮುಂಬಯಿಯ ಎಲ್ಫಿನ್‌ಸ್ಟನ್ ಸೇತುವೆ ಮುಚ್ಚಿತು. ಶಿವಡಿಯಿಂದ ವರ್ಲಿಗೆ ಹೋಗುವ ಹೊಸ ಮೇಲುರಸ್ತೆಗಾಗಿ ನೂರು ವರ್ಷ ದಾಟಿದ ಈ ಸೇತುವೆಯನ್ನು ಕೆಡವಬೇಕಿತ್ತು. ಪರೇಲಿನಿಂದ ಹಳಿ ದಾಟಿ ಪ್ರಭಾದೇವಿಗೆ ಹೋಗಲು ಅದೇ ಹತ್ತಿರದ ದಾರಿ. ಈಗ ಗಾಡಿಯವರು ಉತ್ತರಕ್ಕೆ ಹೋಗಿ ದಾದರಿನ ತಿಲಕ್ ಸೇತುವೆ ಹತ್ತಬೇಕು, ಇಲ್ಲವೇ ದಕ್ಷಿಣಕ್ಕೆ ಇಳಿದು ಕರಿ ರೋಡ್ ಸೇತುವೆ ಹಿಡಿಯಬೇಕು. ಹತ್ತು ನಿಮಿಷದ ನನ್ನ ಸೈಕಲ್ ದಾರಿ ಅರ್ಧ ಗಂಟೆಗೆ ಬೆಳೆಯಿತು.

ಮಡಚುವ ಸೈಕಲ್ ತಾನೇ, ಹೊತ್ತುಕೊಂಡು ಪಾದಚಾರಿ ಸೇತುವೆಯಿಂದ ದಾಟಬಹುದಲ್ಲ ಎಂದರು ಕೆಲವರು. ಒಂದು ವಾರ ಹಾಗೆಯೇ ಮಾಡಿದೆ. ಆದರೆ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಇಲ್ಲಿನ ಪಾದಚಾರಿ ಸೇತುವೆಯ ಮೆಟ್ಟಿಲಲ್ಲಿ ಕಾಲ್ತುಳಿತವಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ಪರೇಲಿನವರಿಗೆ ಮರೆತಿಲ್ಲ. ಕೆಲಸಕ್ಕೆ ಓಡುವ ಜನರ ನಡುವೆ ಹನ್ನೆರಡೂವರೆ ಕಿಲೋ ಹೊತ್ತು ದಾರಿಗೆ ಅಡ್ಡವಾಗಲು ನನಗೆ ಮನಸ್ಸಾಗಲಿಲ್ಲ. ಸುತ್ತಿಯೇ ಹೋಗುವುದೆಂದು ತೀರ್ಮಾನವಾದ ಮೇಲೆ ಮೋಟಾರಿನ ಮಾತು ಬಂತು.

ಪರೇಲಿನಲ್ಲಿ ಸೈಕಲ್ ಇಟ್ಟುಕೊಳ್ಳುವುದೆಂದರೆ ಮೊದಲು ಜಾಗದ ಪ್ರಶ್ನೆ. ಇದು ಗಿರಣಿಗಳ ಊರು, ಚಾಳುಗಳ ಊರು. 1982ರ ಜನವರಿ 18ಕ್ಕೆ ಶುರುವಾದ ಬಟ್ಟೆ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ನಿಂತು, ಆ ನೆಲದಲ್ಲಿ ಗೋಪುರಗಳೆದ್ದವು. ಉಳಿದ ಚಾಳುಗಳಲ್ಲಿ ಇಂದಿಗೂ ಒಂದು ಕೋಣೆಗೆ ಒಂದು ಸಂಸಾರ. ಕೆಳಗೆ ನಿಲ್ಲಿಸಿದ ಸೈಕಲ್ ಬೆಳಗಿನವರೆಗೆ ಇದ್ದರೆ ಅದೃಷ್ಟ. ಮೇಲಿನ ಗ್ಯಾಲರಿಯಲ್ಲಿ ನಿಲ್ಲಿಸಿದರೆ ಹತ್ತು ಮನೆಯವರ ನಡೆದಾಟಕ್ಕೆ ತೊಂದರೆ. ಆದ್ದರಿಂದಲೇ ನಾನು ಇಪ್ಪತ್ತು ಇಂಚಿನ ಚಕ್ರದ ಮಡಚುವ ಸೈಕಲ್ ಕೊಂಡದ್ದು. ಅದು ಬಾಗಿಲ ಹಿಂದೆ, ಅಕ್ಕಿ ಡಬ್ಬದ ಪಕ್ಕ ನಿಲ್ಲುತ್ತದೆ.

ಚಕ್ರದ ನಡುವೆ ಮೋಟಾರು ಕೂರಿಸುವ ಯೋಚನೆ ಹೊಸದೇನಲ್ಲ. ಅಮೆರಿಕದ ಓಹಿಯೋದ ಆಗ್ಡೆನ್ ಬೋಲ್ಟನ್ 1895ರ ಡಿಸೆಂಬರ್ 31ರಂದೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹಿಂಚಕ್ರದ ಹಬ್ಬಿನಲ್ಲಿ ಮೋಟಾರು, ಫ್ರೇಮಿನ ನಡುವೆ ತೂಗುಹಾಕಿದ 10 ವೋಲ್ಟಿನ ಬ್ಯಾಟರಿ. ಸಾಮಾನ್ಯ ಸೈಕಲ್ಲಿಗೆ ಮೋಟಾರು ಜೋಡಿಸುವ ಇವತ್ತಿನ ಕಿಟ್ಟಿನ ನಕ್ಷೆ ಬಹುಮಟ್ಟಿಗೆ ಅದೇ. ಕೊರತೆ ಇದ್ದದ್ದು ಹಗುರವಾದ ಬ್ಯಾಟರಿಯದು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಆ ಬಾಗಿಲು ತೆರೆಯಿತು. 1993ರಲ್ಲಿ ಯಮಾಹಾ ಹೊರತಂದ ಸೈಕಲ್ಲಿನಲ್ಲಿ ತುಳಿದಾಗ ಮಾತ್ರ ಮೋಟಾರು ಕೈಜೋಡಿಸುವ ಏರ್ಪಾಡಿತ್ತು. ಮಡಚುವ ಸೈಕಲ್ಲಿನ ಕಥೆ ಬೇರೆಯೇ. 1970ರ ದಶಕದ ನಡುವೆ ಲಂಡನ್ನಿನ ಆಂಡ್ರ್ಯೂ ರಿಚೀ ತಮ್ಮ ಮನೆಯಲ್ಲೇ ಒಂದನ್ನು ರೂಪಿಸಿ, ಎದುರಿಗಿದ್ದ ಬ್ರಾಂಪ್ಟನ್ ಚರ್ಚಿನ ಹೆಸರನ್ನೇ ಇಟ್ಟರು. ಈ ಎರಡು ಕಥೆಗಳು ಮುಂಬಯಿಯಲ್ಲೂ ಕೂಡಿವೆ. ಐಐಟಿ ಬಾಂಬೆಯಲ್ಲಿ ಓದಿದವರು ಕಟ್ಟಿದ ಹಾರ್ನ್‌ಬ್ಯಾಕ್ ಕಂಪನಿ ಪೂರ್ಣ ಗಾತ್ರದ ಚಕ್ರವಿದ್ದೂ ಮಡಚುವ ವಿದ್ಯುತ್ ಸೈಕಲ್ ಮಾಡಿದೆ. 2023ರಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಹೊಗಳಿದ ಮೇಲೆ ದೇಶದ ಕಣ್ಣು ಅತ್ತ ಹೊರಳಿತು.

ನನ್ನ ಬಳಿ ಸೈಕಲ್ ಇತ್ತು. ಬೇಕಾದದ್ದು ಮುಂಚಕ್ರಕ್ಕೆ ಹಾಕುವ ಕಿಟ್ ಮಾತ್ರ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗನಿಗೆ ಫೋನ್ ಮಾಡಿದೆ. "ಮಾವ, ದುಡ್ಡು ಕೊಡುವ ಮೊದಲು ಮುಂದಿನ ಫೋರ್ಕ್ ಅಳೆಯಿರಿ" ಎಂದ. ಸಾಮಾನ್ಯ ಸೈಕಲ್ಲಿನ ಮುಂದಿನ ಫೋರ್ಕಿನ ಎರಡು ಕಾಲುಗಳ ನಡುವೆ, ಅಚ್ಚು ಕೂರುವಲ್ಲಿ, 100 ಮಿಲಿಮೀಟರ್ ಇರುತ್ತದೆ. ಹಲವು ಮಡಚುವ ಸೈಕಲ್ಲುಗಳಲ್ಲಿ 74 ಮಾತ್ರ. ಎಲ್ಲ ಕಿಟ್ ಎಲ್ಲದಕ್ಕೂ ಕೂರುವುದಿಲ್ಲ. ನನ್ನದು ನೂರಕ್ಕೆ ಸರಿಯಾಗಿತ್ತು.

ಚಿಕ್ಕ ಚಕ್ರದಿಂದ ಒಂದು ಲಾಭವೂ ಇದೆ. ಅಷ್ಟೇ ಸುತ್ತುಗಳಲ್ಲಿ ಇಪ್ಪತ್ತು ಇಂಚಿನ ಚಕ್ರ ಕಡಿಮೆ ದೂರ ಹೋಗುತ್ತದೆ, ಬದಲಿಗೆ ನಿಂತಲ್ಲಿಂದ ಹೊರಡುವಾಗಲೂ ಏರುವಾಗಲೂ ನೂಕು ಹೆಚ್ಚು. ಸಿಗ್ನಲ್ಲಿಗೆ ನಿಂತು ನಿಂತು ಹೋಗುವ, ಸೇತುವೆ ಹತ್ತಿ ಇಳಿಯುವ ನಮ್ಮ ರಸ್ತೆಗೆ ಬೇಕಾದದ್ದು ಅದೇ. ವೇಗದ ಆಸೆ ಬೇಡ. 250 ವ್ಯಾಟ್ ಮತ್ತು ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿದ್ದು ಪರೀಕ್ಷಾ ಸಂಸ್ಥೆಯ ಅನುಮೋದನೆ ಪಡೆದ ಸೈಕಲ್ಲಿಗೆ ಲೈಸೆನ್ಸ್, ನೋಂದಣಿ ಬೇಡ. ಮಿತಿ ಮೀರಿದರೆ ಅದು ಮೋಟಾರು ವಾಹನ.

ಗಲ್ಲಿಯ ಸೈಕಲ್ ಅಂಗಡಿಯ ಮುಂದೆ ಒಂದು ಭಾನುವಾರ ಕಿಟ್ ಜೋಡಿಸಲು ಕೂತೆವು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ನಟ್ಟು ಸಡಿಲವಿದ್ದರೆ ಫೋರ್ಕಿನ ಬಾಯಿ ಅಗಲಿಸಿಕೊಂಡು ಚಕ್ರವೇ ಹೊರಬರಬಹುದು. ಅದನ್ನು ತಡೆಯಲು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಇದೆ. ಅದರ ಒಂದು ತುದಿ ಅಚ್ಚನ್ನು ಹಿಡಿದರೆ ಇನ್ನೊಂದು ತುದಿಯನ್ನು ಫೋರ್ಕಿಗೆ ಬಿಗಿಯುತ್ತಾರೆ. ಕಿಟ್ಟಿನ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ, ಬೇರೆಯೇ ತರಿಸಿದೆವು. ಇದಿಲ್ಲದೆ ಯಾರೂ ಹತ್ತಬಾರದು.

ಎಲ್ಲ ಮುಗಿಯಿತೆಂದು ಖುಷಿಯಿಂದ ಸೈಕಲ್ ಮಡಚಿದೆ. ಕಟ್ ಎಂದಿತು. ಫ್ರೇಮಿನ ಬಿಜಾಗರಿಯ ನಡುವೆ ಮೋಟಾರಿನ ತಂತಿ ಸಿಕ್ಕಿ ಮೇಲಿನ ರಬ್ಬರ್ ಸೀಳಿ, ಒಳಗಿನ ಹಳದಿ ಎಳೆ ಕಾಣುತ್ತಿತ್ತು. ಮಡಚುವ ಸೈಕಲ್ಲಿಗೆ ಕಿಟ್ ಹಾಕುವ ನಿಜವಾದ ಕೆಲಸ ಇಲ್ಲಿದೆ. ತಂತಿಯನ್ನು ಹೊಸದಾಗಿ ಜೋಡಿಸಿ, ಬಿಜಾಗರಿಯ ಹೊರಬದಿಯಲ್ಲಿ ಅಂಗೈಯಗಲ ಸಡಿಲ ಬಿಟ್ಟು, ಎರಡೂ ಬದಿಗೆ ಕೇಬಲ್ ಟೈ ಬಿಗಿದು, ಹತ್ತು ಸಲ ಮಡಚಿ ಬಿಚ್ಚಿ ನೋಡಿದ ಮೇಲೆಯೇ ಎದ್ದೆವು.

ತೂಕ ಹದಿನೆಂಟು ಕಿಲೋ ಆಯಿತು. ಎರಡು ಕಿಲೋದ ಬ್ಯಾಟರಿಯನ್ನು ಕಳಚಿ ಚೀಲಕ್ಕೆ ಹಾಕಿಕೊಂಡು ಉಳಿದದ್ದನ್ನು ಹೊತ್ತು ಮೆಟ್ಟಿಲು ಹತ್ತುತ್ತೇನೆ. ಕಿಟ್ ಆರಿಸುವವರು ಬ್ಯಾಟರಿ ಎಷ್ಟು ದೂರ ಓಡುತ್ತದೆಂದು ಕೇಳುವ ಮೊದಲು ತಮ್ಮ ಮನೆಯ ಮೆಟ್ಟಿಲು ಎಣಿಸಲಿ ಎಂಬುದು ನನ್ನ ಮಾತು. ದೊಡ್ಡ ಬ್ಯಾಟರಿ ಹಾಕಿಸಿ ಹೊರಲಾಗದೆ ಕೆಳಗೇ ಬಿಟ್ಟರೆ ಮಡಚುವ ಸೈಕಲ್ ಯಾಕೆ?

ದಾದರಿನ ಸುತ್ತುದಾರಿಯಲ್ಲಿ ಹಿಂದ್‌ಮಾತಾ ಸಿಗುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುವುದಕ್ಕೆ ಹೆಸರಾದ ಜಾಗ. ನನ್ನ ಚಕ್ರದ ಅಚ್ಚು ನೆಲದಿಂದ 25 ಸೆಂಟಿಮೀಟರ್ ಎತ್ತರದಲ್ಲಿದೆ, ಅಂದರೆ ಮೀನಖಂಡದವರೆಗೆ. ಮೋಟಾರಿನ ತಂತಿ ಒಳಹೋಗುವುದೇ ಆ ಅಚ್ಚಿನೊಳಗಿಂದ. ನೀರು ಅಲ್ಲಿಗೆ ಬಂದ ದಿನ ಸೈಕಲ್ ಮನೆಯಲ್ಲೇ ಇರುತ್ತದೆ.

ನನ್ನ ಬ್ಯಾಟರಿಯಲ್ಲಿ ಹೆಬ್ಬೆರಳು ಗಾತ್ರದ ಮೂವತ್ತು ಸೆಲ್ಲುಗಳಿವೆ. 36 ವೋಲ್ಟ್, 7.8 ಆಂಪಿಯರ್ ಅವರ್. ತುಂಬಲು ನಾಲ್ಕು ಗಂಟೆ, ಖರ್ಚು ಯೂನಿಟ್ಟಿನ ಮೂರನೇ ಒಂದು ಪಾಲು. ತುಳಿಯುತ್ತಾ ಹೋದರೆ ಮೂವತ್ತು ಕಿಲೋಮೀಟರಿಗೆ ಸಾಕು. ಇಷ್ಟು ಶಕ್ತಿ ಅಷ್ಟು ಸಣ್ಣ ಡಬ್ಬಿಯಲ್ಲಿದೆ ಎಂಬುದೇ ಎಚ್ಚರಿಕೆಗೆ ಕಾರಣ. ಬಿದ್ದು ಜಖಂ ಆದ, ನೀರು ಕುಡಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಮಲಗುವಾಗ ಹಾಕಬೇಡಿ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಅದರ ಚಾರ್ಜರ್ ಎಲ್ಲಿದೆ ಎಂದು ಇವತ್ತೇ ನೋಡಿ. ಬಾಗಿಲಿಗೂ ಮೆಟ್ಟಿಲಿಗೂ ನಡುವೆ ಇದ್ದರೆ ಅಲ್ಲಿಂದ ತೆಗೆಯಿರಿ. ಚಾಳಿನಲ್ಲಿ ಇಳಿಯಲು ಇರುವುದು ಅದೊಂದೇ ದಾರಿ.